ನೋಟಿಸ್ ಅವಧಿ ಮೂರು ತಿಂಗಳಿದ್ದಾಗ ರಾಜೀನಾಮೆಗೆ ದಿನ ಗೊತ್ತುಮಾಡುವುದು ಹೇಗೆ?

ಕೆಲಸ ಬಿಡಬೇಕೆಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡು ಆರು ತಿಂಗಳಾದರೂ ರಾಜೀನಾಮೆ ಪತ್ರವನ್ನು ಕಳುಹಿಸದೆ ಹಾಗೆಯೇ ಇಟ್ಟುಕೊಂಡವರು ಬಹಳ ಮಂದಿ ಸಿಗುತ್ತಾರೆ. ಇವರೆಲ್ಲ ಪುಕ್ಕಲರೆಂದು ಹೇಳುವಂತಿಲ್ಲ. ನೋಟಿಸ್ ಅವಧಿ, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಕೆಲಸದಲ್ಲಿರಬೇಕಾದ ಅವಧಿ, ಎರಡು ವಾರವಾಗಿದ್ದರೆ ಹೊಸ ಕೆಲಸ ಖಚಿತವಾದ ಮೇಲೆ ಹಳೆಯದಕ್ಕೆ ಪತ್ರ ಕೊಟ್ಟು ಹೊರಡಬಹುದು, ಅಲ್ಲಿ ಯೋಚಿಸುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ಅದೇ ಅವಧಿ ಎರಡು ಅಥವಾ ಮೂರು ತಿಂಗಳಾದಾಗ ಇಕ್ಕಟ್ಟು ಎರಡೂ ಕಡೆಯಿಂದ ಬರುತ್ತದೆ. ಹೊಸಬರನ್ನು ಸೇರಿಸಿಕೊಳ್ಳುವವರು ಅಷ್ಟು ದಿನ ಕಾಯಲಾರೆವು ಎನ್ನುತ್ತಾರೆ. ಮುಂದಿನ ಕೆಲಸ ಗೊತ್ತಾಗದೆ ಇರುವುದನ್ನು ಬಿಡಲು ಮನೆಯ ಖರ್ಚು ಬಿಡುವುದಿಲ್ಲ.

ಇಂಥ ಸಂದರ್ಭದಲ್ಲಿ ಹೆಚ್ಚಿನವರು ಕೇಳಿಕೊಳ್ಳುವ ಪ್ರಶ್ನೆ, ‘ಯಾವತ್ತು ರಾಜೀನಾಮೆ ಕೊಡಲಿ?’ ಎಂಬುದು. ನನ್ನ ಅಭಿಪ್ರಾಯದಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು, ಈ ಕಚೇರಿಯಲ್ಲಿ ನನ್ನ ಕೊನೆಯ ದಿನ ಯಾವುದಾಗಬೇಕು ಎಂದು. ಆ ದಿನ ನಿಶ್ಚಯವಾದರೆ ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬಂದಾಗ ರಾಜೀನಾಮೆಯ ದಿನ ತಾನಾಗಿಯೇ ಸಿಗುತ್ತದೆ. ಮುಂದೆ ಹೇಳಿರುವ ಹೆಜ್ಜೆಗಳೆಲ್ಲ ಈ ಹಿಂದೆಣಿಕೆಯನ್ನು ತಪ್ಪಿಲ್ಲದೆ ಮಾಡುವುದಕ್ಕೆ ಸಂಬಂಧಿಸಿದವು.

ಮೊದಲ ಹೆಜ್ಜೆ: ನೇಮಕಾತಿ ಪತ್ರವನ್ನು ಮತ್ತೊಮ್ಮೆ ಓದುವುದು

ಸೇರಿದ ದಿನ ಸಹಿ ಹಾಕಿದ ಪತ್ರದಲ್ಲಿ ನೋಟಿಸ್ ಎಷ್ಟು ದಿನ ಎಂಬುದಷ್ಟೇ ಎಲ್ಲರ ನೆನಪಿನಲ್ಲಿ ಉಳಿದಿರುತ್ತದೆ, ಅದೂ ಕೆಲವೊಮ್ಮೆ ತಪ್ಪಾಗಿ. ಬಡ್ತಿ ಸಿಕ್ಕಾಗ ಅಥವಾ ಸೇವೆ ಕಾಯಂ ಆದಾಗ ಕೈಗೆ ಬಂದ ಪತ್ರದಲ್ಲಿ ಅವಧಿಯನ್ನು ಹೆಚ್ಚಿಸಿರುವುದುಂಟು. ಸಂಬಳ ಎಷ್ಟು ಏರಿತು ಎಂದು ನೋಡುವ ಸಂಭ್ರಮದಲ್ಲಿ ಆ ಸಾಲು ಕಣ್ಣಿಗೆ ಬಿದ್ದಿರುವುದಿಲ್ಲ. ಆದ್ದರಿಂದ ಮೊದಲ ಪತ್ರದ ಜೊತೆಗೆ ನಂತರ ಬಂದ ಎಲ್ಲ ಪತ್ರಗಳನ್ನೂ, ಸಂಸ್ಥೆಯ ನಿಯಮಾವಳಿ ಪುಸ್ತಕ ಇದ್ದರೆ ಅದನ್ನೂ ಮುಂದಿಟ್ಟುಕೊಂಡು ಓದಬೇಕು.

‘ಮೂರು ತಿಂಗಳು’ ಮತ್ತು ‘90 ದಿನ’ ಒಂದೇ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಫೆಬ್ರವರಿ 1ರಿಂದ ಏಪ್ರಿಲ್ 30ರವರೆಗಿನ ಮೂರು ತಿಂಗಳಲ್ಲಿ ಅಧಿಕ ವರ್ಷವಲ್ಲದಿದ್ದರೆ 89 ದಿನಗಳಿವೆ. ಜುಲೈ 1ರಿಂದ ಸೆಪ್ಟೆಂಬರ್ 30ರವರೆಗೆ 92 ದಿನಗಳಿವೆ. ಮೂರು ದಿನದ ವ್ಯತ್ಯಾಸ ದೊಡ್ಡದೇನಲ್ಲ ಎನಿಸಬಹುದು, ಆದರೆ ಹೊಸ ಕಡೆ ತಿಂಗಳ ಮೊದಲ ತಾರೀಖು ಸೇರುತ್ತೇನೆಂದು ಒಪ್ಪಿಕೊಂಡವರಿಗೆ ಅದೇ ತಲೆನೋವಾಗುತ್ತದೆ. ಪತ್ರದಲ್ಲಿ ‘ಕೆಲಸದ ದಿನಗಳು’ ಎಂದು ಬರೆದಿದ್ದರಂತೂ ಲೆಕ್ಕ ಪೂರ್ತಿ ಬೇರೆ: ವಾರಕ್ಕೆ ಐದು ದಿನ ಕೆಲಸವಿರುವ ಕಡೆ 90 ಕೆಲಸದ ದಿನಗಳೆಂದರೆ 18 ವಾರ, ಅಂದರೆ ನಾಲ್ಕು ತಿಂಗಳಿಗೂ ಮೇಲೆ.

ಇದಕ್ಕಿಂತ ದುಬಾರಿಯಾದ ಸಂಗತಿ, ನೋಟಿಸ್ ಯಾವಾಗ ಶುರುವಾಗಿ ಯಾವಾಗ ಮುಗಿಯುತ್ತದೆ ಎಂಬುದು. ಕೆಲವೆಡೆ ಪತ್ರ ಕೊಟ್ಟ ದಿನದಿಂದಲೇ ಎಣಿಸುತ್ತಾರೆ, ಕೆಲವೆಡೆ ಮರುದಿನದಿಂದ. ಇನ್ನು ಕೆಲವು ಕರಾರುಗಳಲ್ಲಿ ನೋಟಿಸ್ ತಿಂಗಳ ಕೊನೆಗೇ ಮುಗಿಯಬೇಕೆಂಬ ಷರತ್ತು ಇರುತ್ತದೆ. ಸ್ವಿಟ್ಜರ್ಲೆಂಡ್‌ನಲ್ಲಿ ಕಾನೂನೇ ಹಾಗಿದೆ: ಮೊದಲ ವರ್ಷದ ಸೇವೆಯಲ್ಲಿ ಒಂದು ತಿಂಗಳು, ಎರಡರಿಂದ ಒಂಬತ್ತನೆಯ ವರ್ಷದವರೆಗೆ ಎರಡು ತಿಂಗಳು, ಆಮೇಲೆ ಮೂರು ತಿಂಗಳು, ಮತ್ತು ಬೇರೆ ಒಪ್ಪಂದವಿಲ್ಲದಿದ್ದರೆ ಈ ಅವಧಿ ತಿಂಗಳ ಕೊನೆಯ ದಿನಕ್ಕೇ ಮುಗಿಯಬೇಕು. ಜರ್ಮನಿಯಲ್ಲಿ ಉದ್ಯೋಗಿ ಕೊಡಬೇಕಾದ ನೋಟಿಸ್ ಕಾನೂನಿನ ಪ್ರಕಾರ ನಾಲ್ಕು ವಾರವಾದರೂ, ಅದು ತಿಂಗಳ 15ಕ್ಕೆ ಅಥವಾ ತಿಂಗಳ ಕೊನೆಗೆ ಮುಗಿಯುವಂತಿರಬೇಕು. ತಿಂಗಳ ಕೊನೆಯ ಷರತ್ತಿರುವ ಮೂರು ತಿಂಗಳ ಕರಾರಿನಲ್ಲಿ ಏಪ್ರಿಲ್ 30ರಂದು ಪತ್ರ ತಲುಪಿಸಿದವರಿಗೆ ಜುಲೈ 31 ಕೊನೆಯ ದಿನವಾದರೆ, ಮೇ 2ರಂದು ತಲುಪಿಸಿದವರು ಆಗಸ್ಟ್ 31ರವರೆಗೆ ಇರಬೇಕಾಗುತ್ತದೆ. ನಾನೂ ಒಮ್ಮೆ, ವಾರಾಂತ್ಯ ಕಳೆಯಲಿ, ಸೋಮವಾರ ಕೊಟ್ಟರಾಯಿತು ಎಂದುಕೊಂಡು ತಿಂಗಳನ್ನು ದಾಟಿಸಿ, ಬಿಡಲು ತವಕಿಸುತ್ತಿದ್ದ ಕೆಲಸದಲ್ಲಿ ಇನ್ನೊಂದು ತಿಂಗಳು ಕೂತಿದ್ದೇನೆ.

ಓದುವಾಗ ಇನ್ನಷ್ಟನ್ನು ಗುರುತು ಹಾಕಿಕೊಳ್ಳಿ. ನೋಟಿಸ್ ಅವಧಿಯಲ್ಲಿ ರಜೆ ಹಾಕಿದರೆ ಅಷ್ಟು ದಿನ ಅವಧಿ ಮುಂದಕ್ಕೆ ಹೋಗುತ್ತದೆಯೇ, ಉಳಿದ ರಜೆಯನ್ನು ಅವಧಿಯಿಂದ ಕಳೆಯಲು ಬಿಡುತ್ತಾರೆಯೇ ಎಂಬುದು ಒಂದು. ಅವಧಿ ಪೂರೈಸದೆ ಹಣ ಕಟ್ಟಿ ಹೊರಡುವ ಅವಕಾಶ ಇದೆಯೇ, ಇದ್ದರೆ ಆಯ್ಕೆ ಉದ್ಯೋಗಿಯದೋ ಸಂಸ್ಥೆಯದೋ ಎಂಬುದು ಇನ್ನೊಂದು. ‘ಸಂಸ್ಥೆಯ ವಿವೇಚನೆಗೆ ಒಳಪಟ್ಟು’ ಎಂಬ ಮೂರು ಪದ ಸೇರಿಕೊಂಡಿದ್ದರೆ ಆ ಅವಕಾಶವನ್ನು ನಂಬಿ ದಿನ ಗೊತ್ತುಮಾಡಬಾರದು. ಕಟ್ಟಬೇಕಾದ ಹಣವನ್ನು ಮೂಲ ವೇತನದ ಮೇಲೆ ಲೆಕ್ಕ ಹಾಕುತ್ತಾರೋ ಪೂರ್ತಿ ಸಂಬಳದ ಮೇಲೋ ಎಂಬುದನ್ನೂ ನೋಡಿ. ಮೊತ್ತ ಎರಡು ಪಟ್ಟಾಗುವುದುಂಟು.

ಎರಡನೆಯ ಹೆಜ್ಜೆ: ಹಣ ಬರುವ ದಿನಾಂಕಗಳನ್ನು ಪಕ್ಕಪಕ್ಕದಲ್ಲಿ ಬರೆಯುವುದು

ಬೋನಸ್, ಸಂಸ್ಥೆ ಉದ್ಯೋಗಿಗಳಿಗೆ ಕೊಡುವ ಷೇರುಗಳು ಕೈಸೇರುವ ದಿನ, ವಾರ್ಷಿಕ ವೇತನ ಪರಿಷ್ಕರಣೆ, ಇಷ್ಟು ವರ್ಷ ಸೇವೆ ಪೂರೈಸಿದರೆ ಸಿಗುವ ಸೌಲಭ್ಯ, ಆರೋಗ್ಯ ವಿಮೆ ಕೊನೆಗೊಳ್ಳುವ ದಿನ, ಇವೆಲ್ಲವನ್ನೂ ಒಂದು ಹಾಳೆಯ ಮೇಲೆ ತಾರೀಖಿನ ಕ್ರಮದಲ್ಲಿ ಬರೆಯಿರಿ. ಪ್ರತಿಯೊಂದರ ಎದುರಿಗೂ ಒಂದು ವಿವರ ಬೇಕು: ಆ ದಿನ ನೀವು ಕೆಲಸದಲ್ಲಿದ್ದರೆ ಸಾಕೇ, ಅಥವಾ ರಾಜೀನಾಮೆ ಕೊಟ್ಟಿರಲೂ ಬಾರದೇ? ಈ ಎರಡರ ನಡುವಿನ ಅಂತರ ಗೊತ್ತಿಲ್ಲದೆ ವರ್ಷದ ಬೋನಸ್ಸನ್ನೇ ಕಳೆದುಕೊಂಡವರಿದ್ದಾರೆ.

ಒಂದು ಉದಾಹರಣೆ ನೋಡೋಣ. ಬೋನಸ್ ಏಪ್ರಿಲ್ 30ರಂದು ಪಾವತಿಯಾಗುತ್ತದೆ, ಆ ದಿನ ನೋಟಿಸ್‌ನಲ್ಲಿರುವವರಿಗೆ ಅದು ಸಿಗುವುದಿಲ್ಲ. ಷೇರುಗಳ ಒಂದು ಕಂತು ಜುಲೈ 15ರಂದು ಕೈಸೇರುತ್ತದೆ, ಅದಕ್ಕೆ ಆ ದಿನ ಹಾಜರಿ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ನೋಟಿಸ್ ಅವಧಿ ಮೂರು ತಿಂಗಳು. ಏಪ್ರಿಲ್ 10ರಂದು ಪತ್ರ ಕೊಟ್ಟವರ ಕೊನೆಯ ದಿನ ಜುಲೈ 10ರ ಸುಮಾರಿಗೆ ಬರುವುದರಿಂದ ಅವರಿಗೆ ಬೋನಸ್ಸೂ ಇಲ್ಲ, ಷೇರೂ ಇಲ್ಲ. ಬೋನಸ್ ಬ್ಯಾಂಕ್ ಖಾತೆಗೆ ಬಂದುದನ್ನು ನೋಡಿಕೊಂಡು ಮೇ 2ರಂದು ಕೊಟ್ಟವರ ಕೊನೆಯ ದಿನ ಆಗಸ್ಟ್ ಆರಂಭಕ್ಕೆ ಹೋಗುತ್ತದೆ, ಎರಡೂ ಸಿಗುತ್ತವೆ. ಮೂರು ವಾರ ತಡೆದದ್ದಕ್ಕೆ ಸಿಕ್ಕ ಪ್ರತಿಫಲ ಇದು. ಇಲ್ಲಿ ದೀರ್ಘ ನೋಟಿಸ್ ಅವಧಿಯೇ ಉಪಕಾರಕ್ಕೆ ಬಂದುದನ್ನು ಗಮನಿಸಬೇಕು. ಎರಡು ವಾರದ ನೋಟಿಸ್ ಆಗಿದ್ದರೆ ಷೇರಿಗಾಗಿ ಜುಲೈವರೆಗೂ ಬಾಯಿ ಮುಚ್ಚಿಕೊಂಡಿರಬೇಕಾಗುತ್ತಿತ್ತು.

ಹಾಗೆಂದು ಪ್ರತಿ ಬಾರಿಯೂ ಕಾಯುವುದು ಜಾಣತನವಲ್ಲ. ಜನರನ್ನು ಉಳಿಸಿಕೊಳ್ಳಲೆಂದೇ ಈ ಪಾವತಿಗಳನ್ನು ವರ್ಷದುದ್ದಕ್ಕೂ ಹಂಚಿಟ್ಟಿರುತ್ತಾರೆ, ಹಾಗಾಗಿ ಮುಂದಿನದೊಂದು ಸದಾ ಎದುರಿಗಿರುತ್ತದೆ. ಕಾಯಬೇಕೋ ಬೇಡವೋ ಎಂಬುದನ್ನು ಸರಳ ಲೆಕ್ಕದಿಂದ ನಿರ್ಧರಿಸಬಹುದು. ಹೊಸ ಕೆಲಸದಲ್ಲಿ ಸಂಬಳ ಶೇ 25ರಷ್ಟು ಹೆಚ್ಚು, ಇಲ್ಲಿನ ಬೋನಸ್ ಒಂದು ತಿಂಗಳ ಸಂಬಳದಷ್ಟು ಎಂದಿಟ್ಟುಕೊಳ್ಳಿ. ನಾಲ್ಕು ತಿಂಗಳು ಕಾದರೆ ಕೈಬಿಟ್ಟ ಹೆಚ್ಚುವರಿ ಸಂಬಳವೂ ಬೋನಸ್ಸೂ ಸರಿಸಮವಾಗುತ್ತವೆ. ಎರಡು ತಿಂಗಳು ಕಾಯುವುದು ಲಾಭ, ಆರು ತಿಂಗಳು ಕಾಯುವುದು ನಷ್ಟ. ತೆರಿಗೆಯನ್ನು ಸೇರಿಸಿದರೆ ಅಂಕಿ ಸ್ವಲ್ಪ ಆಚೀಚೆ ಆದೀತು, ದಿಕ್ಕು ಬದಲಾಗುವುದು ಅಪರೂಪ.

ನೀವು ಹಿಂದಿರುಗಿಸಬೇಕಾದ ಹಣವೂ ಇದೇ ಹಾಳೆಯಲ್ಲಿರಲಿ. ಸೇರುವಾಗ ಕೊಟ್ಟ ಬೋನಸ್, ತರಬೇತಿಯ ವೆಚ್ಚ, ಊರು ಬದಲಿಸಿದ್ದಕ್ಕೆ ಕೊಟ್ಟ ಹಣ ಇವುಗಳಿಗೆ ಒಂದು ಅಥವಾ ಎರಡು ವರ್ಷದ ಕಟ್ಟು ಇರುತ್ತದೆ. ಆ ವರ್ಷ ರಾಜೀನಾಮೆ ಕೊಟ್ಟ ದಿನಕ್ಕೆ ತುಂಬಿರಬೇಕೋ ಕೊನೆಯ ದಿನಕ್ಕೋ ಎಂಬುದನ್ನು ಪತ್ರದಲ್ಲೇ ಹುಡುಕಬೇಕು. ಮೂರು ತಿಂಗಳ ನೋಟಿಸ್ ಇರುವಲ್ಲಿ ಈ ಒಂದು ಪದದ ಬೆಲೆ ಮೂರು ತಿಂಗಳು.

ಮೂರನೆಯ ಹೆಜ್ಜೆ: ಹೊಸ ಕಡೆಯಿಂದ ಏನೇನು ಕೈಗೆ ಬಂದಿರಬೇಕು

‘ನೀವು ಆಯ್ಕೆಯಾಗಿದ್ದೀರಿ, ಇವತ್ತೇ ರಾಜೀನಾಮೆ ಕೊಟ್ಟುಬಿಡಿ, ಪತ್ರ ನಾಳೆ ಬರುತ್ತದೆ’ ಎಂದು ಫೋನಿನಲ್ಲಿ ಹೇಳುವವರು ಸುಳ್ಳು ಹೇಳುತ್ತಿರುತ್ತಾರೆ ಎಂದಲ್ಲ. ಆದರೆ ಅವರ ಮಾತಿಗೂ ಸಂಸ್ಥೆಯ ಸಹಿಗೂ ನಡುವೆ ಹಣಕಾಸು ವಿಭಾಗದ ಒಪ್ಪಿಗೆ ಇದೆ, ಮೇಲಧಿಕಾರಿಯ ಸಹಿ ಇದೆ, ಕೆಲವೊಮ್ಮೆ ಹುದ್ದೆಯೇ ರದ್ದಾಗುವ ಸಾಧ್ಯತೆಯೂ ಇದೆ. ರಾಜೀನಾಮೆ ಪತ್ರ ಒಮ್ಮೆ ಕೈಬಿಟ್ಟರೆ ಹಿಂದಕ್ಕೆ ತೆಗೆದುಕೊಳ್ಳುವ ಹಕ್ಕು ಎಲ್ಲ ಕಡೆ ಇರುವುದಿಲ್ಲ, ಇದ್ದರೂ ಬಹುಪಾಲು ಸಂಸ್ಥೆಯ ಮರ್ಜಿಯ ಮೇಲೆ ನಿಂತಿರುತ್ತದೆ. ಆದ ಕಾರಣ ಹುದ್ದೆ, ಸಂಬಳ, ಸೇರುವ ದಿನಾಂಕ ಮೂರನ್ನೂ ನಮೂದಿಸಿ ಸಹಿ ಮಾಡಿದ ಪತ್ರ ಕೈಗೆ ಬಂದು, ನೀವೂ ಸಹಿ ಮಾಡಿ ಒಪ್ಪಿಕೊಳ್ಳುವವರೆಗೆ ಹಳೆಯ ಕೆಲಸದಲ್ಲಿ ಬಾಯಿ ಬಿಡಬಾರದು.

ಪತ್ರ ಬಂದ ಮೇಲೂ ಅದರಲ್ಲಿ ಷರತ್ತುಗಳೇನಿವೆ ಎಂದು ನೋಡಬೇಕು. ಹಿನ್ನೆಲೆ ಪರಿಶೀಲನೆ, ವೈದ್ಯಕೀಯ ಪರೀಕ್ಷೆ, ಹಿಂದಿನ ಉದ್ಯೋಗದಾತರ ಅಭಿಪ್ರಾಯ, ಪರದೇಶದ ಕೆಲಸವಾದರೆ ಕೆಲಸದ ಪರವಾನಗಿ, ಇವುಗಳಲ್ಲಿ ಯಾವುದು ಬಾಕಿ ಇದ್ದರೂ ಆ ನೇಮಕಾತಿ ಇನ್ನೂ ಅರ್ಧವೇ. ರಾಜೀನಾಮೆಗೆ ಮೊದಲೇ ಮುಗಿಸಬಹುದಾದ ಪರಿಶೀಲನೆಗಳನ್ನು ಮುಗಿಸಿಕೊಡುವಂತೆ ಲಿಖಿತವಾಗಿ ಕೇಳಿ. ಈಗಿನ ಸಂಸ್ಥೆಯನ್ನು ಮಾತ್ರ ರಾಜೀನಾಮೆಯ ನಂತರ ಸಂಪರ್ಕಿಸಬೇಕೆಂದು ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನೇಮಕಾತಿ ವಿಭಾಗದವರಿಗೆ ಇದು ದಿನನಿತ್ಯದ ಮಾತು.

ಸೇರಲು ಎಷ್ಟು ದಿನ ಬೇಕು ಎಂದು ಕೇಳಿದಾಗ ಕಡಿಮೆ ಹೇಳುವ ಆಸೆ ಹುಟ್ಟುತ್ತದೆ. ಕರಾರಿನಲ್ಲಿ 90 ದಿನವಿದ್ದು ‘ಒಂದು ತಿಂಗಳಲ್ಲಿ ಬರುತ್ತೇನೆ’ ಎಂದವರು, ಹಳೆಯ ಮ್ಯಾನೇಜರ್ ಬಿಡದೆ ಹೋದಾಗ ಎರಡು ಕಡೆಯೂ ಮಾತು ತಪ್ಪಿದವರಾಗುತ್ತಾರೆ. ‘ಕರಾರಿನ ಪ್ರಕಾರ 90 ದಿನ, ಬೇಗ ಬಿಡಿಸಿಕೊಳ್ಳಲು ಪ್ರಯತ್ನಿಸುತ್ತೇನೆ, ಖಾತರಿ ಕೊಡಲಾರೆ’ ಎಂದು ಮೊದಲ ಸುತ್ತಿನಲ್ಲೇ ಹೇಳಿಬಿಡುವುದು ಒಳ್ಳೆಯದು. ಕಾಯಲಾಗದವರು ಅಲ್ಲೇ ಹಿಂದೆ ಸರಿಯುತ್ತಾರೆ, ನಾಲ್ಕು ಸುತ್ತಿನ ಸಂದರ್ಶನದ ಶ್ರಮ ಉಳಿಯುತ್ತದೆ. ಸೇರುವ ದಿನಾಂಕವನ್ನು ಲೆಕ್ಕದ ಕೊನೆಯ ದಿನದ ಮರುದಿನಕ್ಕೆ ಇಟ್ಟುಕೊಳ್ಳದೆ ಒಂದು ವಾರವಾದರೂ ಬಿಡುವು ಇರಿಸಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಕೈಯಲ್ಲಿ ಕೆಲಸವಿಲ್ಲದೆ ರಾಜೀನಾಮೆ ಕೊಡಬಹುದೇ?

ಇಡೀ ವಿಷಯದಲ್ಲಿ ಕಠಿಣವಾದ ಪ್ರಶ್ನೆ ಇದೇ. ಬೇಗ ಸೇರುವವರೇ ಬೇಕೆನ್ನುವ ಕ್ಷೇತ್ರಗಳಲ್ಲಿ, ಆಗಲೇ ನೋಟಿಸ್‌ನಲ್ಲಿದ್ದು ಒಂದು ತಿಂಗಳಷ್ಟೇ ಉಳಿಸಿಕೊಂಡಿರುವ ಅಭ್ಯರ್ಥಿಗೆ ಕರೆಗಳು ಹೆಚ್ಚು ಬರುತ್ತವೆ. ಅದನ್ನು ಕಂಡು ಮೊದಲು ರಾಜೀನಾಮೆ ಕೊಟ್ಟು, ನೋಟಿಸ್ ನಡೆಯುತ್ತಿರುವಾಗ ಹುಡುಕುವ ಹಾದಿಯನ್ನು ಅನೇಕರು ಹಿಡಿಯುತ್ತಾರೆ. ಇದನ್ನು ಹುಚ್ಚು ಸಾಹಸವೆಂದು ತಳ್ಳಿಹಾಕಲಾರೆ, ಏಕೆಂದರೆ ದೀರ್ಘ ನೋಟಿಸ್ ಎಂದರೆ ಸಂಬಳ ಬರುತ್ತಿರುವಾಗಲೇ ಹುಡುಕಲು ಸಿಕ್ಕ ಮೂರು ತಿಂಗಳು. ಆದರೆ ಹೊರಡುವ ಮೊದಲು ಲೆಕ್ಕ ಬೇಕು.

ನಿಮ್ಮ ಹುದ್ದೆಯ ಮಟ್ಟದಲ್ಲಿ ಮೊದಲ ಅರ್ಜಿಯಿಂದ ನೇಮಕಾತಿ ಪತ್ರದವರೆಗೆ ಎಷ್ಟು ತಿಂಗಳು ಹಿಡಿಯಿತು ಎಂಬುದನ್ನು ನಿಮ್ಮದೇ ಕಳೆದ ಅನುಭವದಿಂದ, ಇತ್ತೀಚೆಗೆ ಕೆಲಸ ಬದಲಿಸಿದ ಇಬ್ಬರು ಮೂವರಿಂದ ತಿಳಿದುಕೊಳ್ಳಿ. ಐದು ತಿಂಗಳು ಎಂದುಕೊಳ್ಳೋಣ. ಮೂರು ತಿಂಗಳ ನೋಟಿಸ್ ಕಳೆದರೆ ಎರಡು ತಿಂಗಳು ಸಂಬಳವಿಲ್ಲದ ಅವಧಿ. ಸೇರಿದ ಮೇಲೆ ಮೊದಲ ಸಂಬಳಕ್ಕೆ ಇನ್ನೊಂದು ತಿಂಗಳು, ಒಟ್ಟು ಮೂರಾಯಿತು. ಹುಡುಕಾಟ ಅಂದಾಜಿನಷ್ಟೇ ದಿನದಲ್ಲಿ ಮುಗಿಯುವುದೆಂದು ನಂಬುವಂತಿಲ್ಲವಾದ್ದರಿಂದ ಈ ಮೂರನ್ನು ಇಮ್ಮಡಿಗೊಳಿಸಿ ಆರು ತಿಂಗಳ ಮನೆ ಖರ್ಚು, ಸಾಲದ ಕಂತು ಸೇರಿದಂತೆ, ಬೇಗ ಕೈಗೆ ಸಿಗುವ ರೂಪದಲ್ಲಿ ಇರಬೇಕೆಂಬುದು ನನ್ನ ಅಳತೆ. ಇಮ್ಮಡಿ ಎಂಬುದಕ್ಕೆ ಶಾಸ್ತ್ರವೇನಿಲ್ಲ. ಕಡಿಮೆ ಇಟ್ಟುಕೊಂಡು ಹೊರಟವರು ಎರಡನೆಯ ತಿಂಗಳ ಕೊನೆಗೆ ಸಿಕ್ಕಿದ ಯಾವುದೋ ಕೆಲಸಕ್ಕೆ ಒಪ್ಪಿಕೊಂಡದ್ದನ್ನು ನೋಡಿ ಬಂದ ಅಭಿಪ್ರಾಯ. ಅಷ್ಟು ಹಣವಿಲ್ಲದಿದ್ದರೆ ಪತ್ರ ಬರುವವರೆಗೆ ಕಾಯುವುದೇ ಸರಿ, ಕರೆಗಳು ಕಡಿಮೆ ಬಂದರೂ ಪರವಾಗಿಲ್ಲ.

ಕೆಲಸದಿಂದ ಆರೋಗ್ಯ ಕೆಡುತ್ತಿದೆ ಎಂದಾದರೆ ಈ ಲೆಕ್ಕ ಎರಡನೆಯದಾಗುತ್ತದೆ. ಆಗಲೂ ರಾಜೀನಾಮೆಗೆ ಮೊದಲು ವೈದ್ಯರನ್ನು ಕಂಡು, ವೈದ್ಯಕೀಯ ರಜೆಗೆ ಅವಕಾಶವಿದೆಯೇ ಎಂದು ವಿಚಾರಿಸಿ. ರಾಜೀನಾಮೆ ಕೊಟ್ಟ ಮೇಲೂ ಅದೇ ಕುರ್ಚಿಯಲ್ಲಿ ಮೂರು ತಿಂಗಳು ಕೂರಬೇಕು ಎಂಬುದು ಬೇಸತ್ತವರಿಗೆ ಪತ್ರ ಕಳುಹಿಸುವ ಗಳಿಗೆಯಲ್ಲಿ ಮರೆತುಹೋಗಿರುತ್ತದೆ.

ಐದನೆಯ ಹೆಜ್ಜೆ: ಬೇಗ ಬಿಡಿಸಿಕೊಳ್ಳುವ ದಾರಿಗಳನ್ನು ಅಳೆಯುವುದು

ಉಳಿದ ದಿನಗಳಿಗೆ ಹಣ ಕಟ್ಟಿ ಹೊರಡುವುದನ್ನು ಬೈಔಟ್ ಎನ್ನುತ್ತಾರೆ. ಒಂದು ತಿಂಗಳಿಗೆ ಹಳೆಯ ಸಂಬಳ 100 ಕಟ್ಟಿ, ಆ ತಿಂಗಳು ಹೊಸ ಕಡೆ 125 ಗಳಿಸಿದರೆ ಉಳಿಯುವುದು 25 ಮಾತ್ರ. ಅದೇ ತಿಂಗಳು ಹಳೆಯ ಕಡೆ ಇದ್ದಿದ್ದರೆ 100 ಬರುತ್ತಿತ್ತು. ಅಂದರೆ ಸ್ವಂತ ಕಿಸೆಯಿಂದ ಕಟ್ಟುವುದು ಹಣದ ದೃಷ್ಟಿಯಿಂದ ನಷ್ಟದ ಬಾಬ್ತು, ಹೊಸ ಅವಕಾಶ ಕೈತಪ್ಪುವಂತಿದ್ದರೆ ಮಾತ್ರ ಅದಕ್ಕೆ ಅರ್ಥವಿದೆ. ಹೊಸ ಸಂಸ್ಥೆ ಭರಿಸುತ್ತದೆ ಎಂದಾದರೆ ಎಷ್ಟು, ಯಾವಾಗ, ಒಂದು ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕೇ ಎಂಬುದೆಲ್ಲ ಬರಹದಲ್ಲಿ ಬರಬೇಕು.

ಹಣವಿಲ್ಲದ ದಾರಿಯೂ ಇದೆ. ಮ್ಯಾನೇಜರ್‌ಗೆ ನಿಮ್ಮ 90 ದಿನಗಳಿಂದ ಆಗಬೇಕಾದದ್ದು ಕೆಲಸದ ಹಸ್ತಾಂತರ. ಯಾವ ಕೆಲಸ ಯಾರಿಗೆ, ಯಾವ ವಾರದೊಳಗೆ ಎಂಬ ಪಟ್ಟಿಯನ್ನು ಮೊದಲ ವಾರದಲ್ಲೇ ಮಾಡಿಕೊಟ್ಟು, ಅದು ಮುಗಿದಂತೆ 60ನೇ ದಿನಕ್ಕೆ ಬಿಡುಗಡೆ ಕೇಳಿದರೆ ಒಪ್ಪುವ ಸಂಭವ ಹೆಚ್ಚು. ರಾಜೀನಾಮೆ ಕೊಟ್ಟ ದಿನವೇ ‘ನನ್ನನ್ನು ಬೇಗ ಬಿಡಿ’ ಎಂದು ಕೇಳುವುದರಿಂದ ಸಾಮಾನ್ಯವಾಗಿ ಸಿಗುವ ಉತ್ತರ ‘ಇಲ್ಲ’.

ಹೇಳದೆ ಕೇಳದೆ ಹೋಗಿಬಿಟ್ಟರೇನು ಎಂದು ಕೇಳುವವರಿಗಾಗಿ 1852ರ ಲಂಡನ್ನಿನ ಒಂದು ಪ್ರಕರಣವನ್ನು ಹೇಳಬೇಕು. ಜೊಹಾನಾ ವಾಗ್ನರ್ ಎಂಬ ಆಪೆರಾ ಗಾಯಕಿ ಬೆಂಜಮಿನ್ ಲಮ್ಲಿ ಅವರ ರಂಗಮಂದಿರದಲ್ಲಿ ಮೂರು ತಿಂಗಳು ಹಾಡಲು, ಆ ಅವಧಿಯಲ್ಲಿ ಬೇರೆಲ್ಲೂ ಹಾಡದಿರಲು ಒಪ್ಪಿದ್ದರು. ಹೆಚ್ಚು ಹಣ ಕೊಡುತ್ತೇನೆಂದ ಇನ್ನೊಂದು ರಂಗಮಂದಿರಕ್ಕೆ ಅವರು ಹೊರಟಾಗ ಮೊದಲನೆಯವರು ನ್ಯಾಯಾಲಯಕ್ಕೆ ಹೋದರು. ಗಾಯಕಿಯನ್ನು ಹಾಡುವಂತೆ ಬಲವಂತ ಮಾಡಲು ತನ್ನಲ್ಲಿ ಉಪಾಯವಿಲ್ಲವೆಂದು ನ್ಯಾಯಾಲಯ ಒಪ್ಪಿಕೊಂಡಿತು, ಆದರೆ ಬೇರೆ ಕಡೆ ಹಾಡದಂತೆ ತಡೆಯಿತು. ಇಂಗ್ಲಿಷ್ ಕಾನೂನಿನ ವಿದ್ಯಾರ್ಥಿಗಳು ಈಗಲೂ ಓದುವ ತೀರ್ಪು ಇದು. ನಿಮ್ಮನ್ನು ಕುರ್ಚಿಗೆ ಕಟ್ಟಿಹಾಕಿ ಯಾರೂ ದುಡಿಸಲಾರರು. ಆದರೆ ಬಾಕಿ ಹಣ ತಡೆಹಿಡಿಯುವುದು, ಪರಿಹಾರ ಕೇಳುವುದು, ಮುಂದಿನವರು ಕೇಳುವ ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಮಾಡಿದ ಪತ್ರ) ಕೊಡದಿರುವುದು ಇಂಥ ತೊಡಕುಗಳನ್ನು ತಂದೊಡ್ಡಬಲ್ಲರು. ಇವುಗಳಲ್ಲಿ ಯಾವುದು ಎಷ್ಟರಮಟ್ಟಿಗೆ ಕಾನೂನುಬದ್ಧ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಪ್ರತಿಸ್ಪರ್ಧಿ ಸಂಸ್ಥೆಗೆ ಸೇರಬಾರದೆಂಬ ಷರತ್ತು ಕರಾರಿನಲ್ಲಿದ್ದರೆ ಪತ್ರ ಕೊಡುವ ಮೊದಲೇ ವಕೀಲರಿಗೆ ತೋರಿಸಿ.

ಆರನೆಯ ಹೆಜ್ಜೆ: ಪತ್ರ ಕೊಡುವ ದಿನ

ಬೇಗ ಬಿಡಲು ಒಪ್ಪದಿರುವುದರ ತದ್ವಿರುದ್ಧವೂ ನಡೆಯಬಹುದು. ರಾಜೀನಾಮೆ ಕೊಟ್ಟ ಸಂಜೆಯೇ ಲ್ಯಾಪ್‌ಟಾಪ್ ಹಿಂದಕ್ಕೆ ಪಡೆದು, ‘ನಾಳೆಯಿಂದ ಬರಬೇಡಿ’ ಎನ್ನುವ ಸಂಸ್ಥೆಗಳಿವೆ. ಬ್ರಿಟನ್ನಿನಲ್ಲಿ ಇಂಥ ಅವಧಿಗೆ ಗಾರ್ಡನ್ ಲೀವ್ ಎಂದೇ ಹೆಸರು: ಸಂಬಳ ಬರುತ್ತದೆ, ಕೆಲಸವಿಲ್ಲ, ಅವಧಿ ಮುಗಿಯುವವರೆಗೆ ಬೇರೆಡೆ ಸೇರುವಂತೆಯೂ ಇಲ್ಲ. ಇನ್ನು ಕೆಲವೆಡೆ ಕರಾರಿನಲ್ಲಿ ಅವಕಾಶವಿದ್ದರೆ ನೋಟಿಸ್ ಅವಧಿಯ ಸಂಬಳವನ್ನು ಕೊಟ್ಟು ಅಂದೇ ಕಳುಹಿಸುತ್ತಾರೆ. ಆದ್ದರಿಂದ ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಬಡ್ತಿ ಪತ್ರ, ತೆರಿಗೆ ದಾಖಲೆ ಮುಂತಾದ ನಿಮ್ಮ ಸ್ವಂತ ಕಾಗದಗಳ ಪ್ರತಿ ಮೊದಲೇ ಮನೆಯಲ್ಲಿರಲಿ. ಸಂಸ್ಥೆಯ ಕಡತಗಳನ್ನು ಮುಟ್ಟಬೇಡಿ. ಕೊನೆಯ ವಾರಗಳಲ್ಲಿ ಪ್ರತಿ ಮಾಡಿಕೊಂಡ ಒಂದೇ ಒಂದು ಫೈಲ್ ದೊಡ್ಡ ತಗಾದೆಯಾಗಬಲ್ಲದು.

ಮ್ಯಾನೇಜರ್‌ಗೆ ಎದುರಿಗೆ ಕೂತು ಹೇಳಿ, ಅದೇ ದಿನ ಲಿಖಿತವಾಗಿ ಕೊಡಿ. ಬಾಯಿಮಾತಿನಲ್ಲಿ ಹೇಳಿದ ದಿನದಿಂದ ನೋಟಿಸ್ ಎಣಿಸುತ್ತಾರೆಂದು ಭಾವಿಸಬೇಡಿ. ಇಮೇಲ್ ಸಾಕೇ, ಸಂಸ್ಥೆಯ ತಂತ್ರಾಂಶದಲ್ಲೂ ದಾಖಲಿಸಬೇಕೇ ಎಂಬುದನ್ನು ಮೊದಲೇ ನೋಡಿಕೊಂಡಿರಬೇಕು; ಜರ್ಮನಿಯಲ್ಲಂತೂ ಸಹಿ ಮಾಡಿದ ಕಾಗದವೇ ಬೇಕು, ಇಮೇಲ್ ಮೂಲಕ ಕೊಟ್ಟ ರಾಜೀನಾಮೆಗೆ ಕಾನೂನಿನ ಮಾನ್ಯತೆ ಇಲ್ಲ. ಪತ್ರ ಚಿಕ್ಕದಾಗಿರಲಿ: ಇಂದಿನ ದಿನಾಂಕ, ಹುದ್ದೆ, ಕರಾರಿನ ಯಾವ ಕಲಮಿನ ಪ್ರಕಾರ ನೋಟಿಸ್, ನಿಮ್ಮ ಲೆಕ್ಕದ ಕೊನೆಯ ದಿನ. ಬಿಡುವ ಕಾರಣವನ್ನೂ ಮನಸ್ತಾಪವನ್ನೂ ಬರೆಯುವ ಅಗತ್ಯವಿಲ್ಲ.

ಅದಾದ ನಂತರ ಒಂದೆರಡು ದಿನಗಳಲ್ಲಿ, ಸಂಬಳ ಹೆಚ್ಚಿಸುತ್ತೇವೆ, ಇರಿ ಎಂಬ ಮಾತು ಬರಬಹುದು. ಉಳಿಯುವ ಮನಸ್ಸಿದ್ದರೆ ಆ ಬೇಡಿಕೆಯನ್ನು ರಾಜೀನಾಮೆಗೆ ಮೊದಲೇ ಇಡಬೇಕಿತ್ತು ಎಂಬುದು ನನ್ನ ನಿಲುವು. ಇದಕ್ಕಿಂತ ತುರ್ತಾದ ಕೆಲಸ, ರಾಜೀನಾಮೆ ಸ್ವೀಕರಿಸಿದ್ದೇವೆಂಬ ಉತ್ತರವನ್ನು ಎಚ್‌ಆರ್ ವಿಭಾಗದಿಂದ ಬರಹದಲ್ಲಿ ತರಿಸಿಕೊಳ್ಳುವುದು. ಅದರಲ್ಲಿ ನಮೂದಾದ ಕೊನೆಯ ದಿನವನ್ನು ನಿಮ್ಮ ಹಾಳೆಯಲ್ಲಿನ ದಿನದೊಂದಿಗೆ ಹೋಲಿಸಿ. ಒಂದು ದಿನ ಹೆಚ್ಚು ಕಡಿಮೆಯಾಗಿದ್ದರೂ ಅಂದೇ ಉತ್ತರ ಬರೆದು, ಕರಾರಿನ ಸಾಲನ್ನು ಉಲ್ಲೇಖಿಸಿ, ತಿದ್ದಿದ ಪತ್ರ ಬಂದ ಮೇಲೆ ಹೊಸ ಸಂಸ್ಥೆಗೆ ಸೇರುವ ದಿನಾಂಕವನ್ನು ಖಚಿತಪಡಿಸಿ.